ಕೊಡಗಿನ ಏರಿಳಿತದಲ್ಲಿ ಪುಟ್ಟ ಎಲೆಕ್ಟ್ರಿಕ್ ಕಾರು ನಿಜಕ್ಕೂ ಎಷ್ಟು ಓಡುತ್ತದೆ? ಲೆಕ್ಕ ನೀವೇ ಹಾಕಿಕೊಳ್ಳುವ ವಿಧಾನ

ಸುಳ್ಯ ಕಡೆಯಿಂದ ಮಡಿಕೇರಿಗೆ ಘಾಟಿ ಹತ್ತುತ್ತಾ ಕೊಯನಾಡು ದಾಟುವಾಗ ನನ್ನ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 34 ಪರ್ಸೆಂಟ್ ಇತ್ತು. ಇನ್ನೂ 75 ಕಿ.ಮೀ. ಓಡಬಹುದು ಎಂದು ಮೀಟರ್ ತೋರಿಸುತ್ತಿತ್ತು. ಮಡಿಕೇರಿಗೆ ಉಳಿದಿದ್ದದ್ದು 23 ಕಿ.ಮೀ. ಮಾತ್ರ. ಜುಲೈ ತಿಂಗಳು, ಸಂಜೆ ಆರೂವರೆ, ಧೋ ಅಂತ ಮಳೆ. ಕೆಳಗೆ ಚಾರ್ಜ್ ಹಾಕಬೇಕು ಅಂದುಕೊಂಡಿದ್ದ ಕಡೆ ಯಂತ್ರ ಕೆಟ್ಟು ನಿಂತಿತ್ತು. 75 ಇದೆಯಲ್ಲ, 23ಕ್ಕೆ ಏನು ತೊಂದರೆ ಎಂದು ಹೊರಟುಬಿಟ್ಟೆ.

ಜೋಡುಪಾಲದ ಹತ್ತಿರ 26 ಆಯಿತು. ಮದೆನಾಡಿಗೆ ಬರುವಾಗ 16. ಮೀಟರಿನಲ್ಲಿದ್ದ 75 ಆಗಲೇ ಮೂವತ್ತರ ಕೆಳಗೆ ಇಳಿದಿತ್ತು. ಕರೆಂಟ್ ಉಳಿಸೋಣ ಎಂದು ಏ.ಸಿ. ಆಫ್ ಮಾಡಿದೆ. ಎರಡೇ ನಿಮಿಷದಲ್ಲಿ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಸೆರಗು ಹಿಡಿದು ಮುಂದೆ ಬಾಗಿ, "ಗಾಜು ಒರೆಸಲಾ ಮಗಾ?" ಅಂತ ಕೇಳುತ್ತಿದ್ದರು. ಮನೆ ಮುಟ್ಟಿದಾಗ 8 ಪರ್ಸೆಂಟ್ ಉಳಿದಿತ್ತು.

ಆ ರಾತ್ರಿಯೇ ಒಂದು ನೋಟ್‌ಬುಕ್ ತೆಗೆದು ಲೆಕ್ಕ ಬರೆಯೋದಕ್ಕೆ ಶುರು ಮಾಡಿದೆ. ಬರೆಯುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ನಮ್ಮ ಜಿಲ್ಲೆಯಲ್ಲಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯನ್ನು ತಿನ್ನುವುದು ದೂರಕ್ಕಿಂತ ಎತ್ತರ. ಆ ಎತ್ತರವನ್ನು ಕಿ.ಮೀ. ಲೆಕ್ಕಕ್ಕೆ ತಿರುಗಿಸಲು ಬಂದರೆ ಸಾಕು, ಹೆದರಿಕೆ ಹೋಗುತ್ತದೆ. ಕೂಡುವುದು, ಕಳೆಯುವುದು ಬಂದರೆ ಯಾರು ಬೇಕಾದರೂ ಮಾಡಬಹುದು.

ಹೆಜ್ಜೆ 1: ಪರ್ಸೆಂಟ್ ಬಿಡಿ, ಯೂನಿಟ್ ಹಿಡಿಯಿರಿ

ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಇದೆಯಲ್ಲ, ಕಾರಿನ ಬ್ಯಾಟರಿಯನ್ನು ಅಳೆಯುವುದೂ ಅದರಲ್ಲೇ. ಕಂಪನಿಯವರು ಕಿಲೋವ್ಯಾಟ್ ಅವರ್ ಅನ್ನುತ್ತಾರೆ, ಎರಡೂ ಒಂದೇ. ಎಂ.ಜಿ. ಕಾಮೆಟ್‌ನ ಬ್ಯಾಟರಿ 17.3 ಯೂನಿಟ್. ಟಾಟಾ ಟಿಯಾಗೊ ಇ.ವಿ. 2022ರಲ್ಲಿ ಬಂದಾಗ 19.2 ಮತ್ತು 24 ಯೂನಿಟ್‌ಗಳ ಎರಡು ಬ್ಯಾಟರಿಗಳಲ್ಲಿ ಬಂತು. ಸಿಟ್ರೊಯೆನ್ ಇ-ಸಿ3 ಕಾರಿನದು 29.2 ಯೂನಿಟ್.

ಪೆಟ್ರೋಲ್ ಕಾರಿಗೆ ಟ್ಯಾಂಕ್ ಎಷ್ಟು ಲೀಟರಿನದು ಅಂತ ಕೇಳುತ್ತೇವೆ. ಇಲ್ಲಿ ಯೂನಿಟ್ ಅಂದರೆ ಆ ಟ್ಯಾಂಕು. 24 ಯೂನಿಟ್ ಕಾರಿನಲ್ಲಿ 10 ಪರ್ಸೆಂಟ್ ಅಂದರೆ 2.4 ಯೂನಿಟ್. ಕಾಮೆಟ್‌ನಲ್ಲಿ ಅದೇ 10 ಪರ್ಸೆಂಟ್ ಅಂದರೆ 1.7 ಯೂನಿಟ್ ಮಾತ್ರ. ಪಕ್ಕದ ಮನೆಯವರು "ನಮ್ಮದು 20 ಪರ್ಸೆಂಟ್‌ನಲ್ಲಿ ಘಾಟಿ ಹತ್ತಿತು" ಅಂದರೆ, ಯಾವ ಕಾರು ಅಂತ ಕೇಳದೆ ನಂಬಬೇಡಿ.

ಹೆಜ್ಜೆ 2: ಕಂಪನಿ ಹೇಳುವ ಸಂಖ್ಯೆ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

24 ಯೂನಿಟ್ ಟಿಯಾಗೊಗೆ ಮೊದಲು ಹೇಳಿದ್ದು 315 ಕಿ.ಮೀ., 19.2ಕ್ಕೆ 250. ಕಾಮೆಟ್‌ಗೆ 230. ಇವೆಲ್ಲ ಎಂ.ಐ.ಡಿ.ಸಿ. ಎಂಬ ಪರೀಕ್ಷೆಯ ಸಂಖ್ಯೆಗಳು. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಚಕ್ರ ತಿರುಗಿಸಿ ಅಳೆಯುತ್ತಾರೆ. ಅಲ್ಲಿ ಮಳೆ ಇಲ್ಲ, ಗುಂಡಿ ಇಲ್ಲ, ಏರು ಇಲ್ಲ. ಇದರಲ್ಲಿ ಮೋಸ ಏನೂ ಇಲ್ಲ. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೀಗೊಂದು ಪರೀಕ್ಷೆ ಬೇಕು. ಎರಡು ಕಾರುಗಳಲ್ಲಿ ಯಾವುದು ಜಾಸ್ತಿ ಓಡುತ್ತದೆ ಎಂದು ನೋಡಲು ಆ ಸಂಖ್ಯೆ ಬಳಸಿ. ನಾಳೆ ಸುಳ್ಯಕ್ಕೆ ಹೋಗಿ ಬರಬಹುದೇ ಎಂದು ನೋಡಲು ಬಳಸಬೇಡಿ.

ಇನ್ನು ಡ್ಯಾಶ್‌ಬೋರ್ಡಿನ "ಉಳಿದ ಕಿ.ಮೀ." ಸಂಖ್ಯೆ. ಇಲ್ಲಿಯವರೆಗೆ ನೀವು ಹೇಗೆ ಓಡಿಸಿದಿರೋ ಅದನ್ನು ನೋಡಿ ಕಾರು ಮುಂದಿನದನ್ನು ಊಹೆ ಮಾಡುತ್ತದೆ. ಸುಳ್ಯದಿಂದ ಸಂಪಾಜೆವರೆಗೆ ಆರಾಮಾಗಿ ಬಂದಿದ್ದರೆ ದೊಡ್ಡ ಸಂಖ್ಯೆ ತೋರಿಸುತ್ತದೆ. ಮುಂದೆ ಘಾಟಿ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಘಾಟಿ ಹತ್ತಿ ಮಡಿಕೇರಿ ತಲುಪಿದಾಗ ಅದೇ ಮೀಟರ್ ಸುಮ್ನೆ ಹೆದರಿಸುವಷ್ಟು ಕಡಿಮೆ ತೋರಿಸುತ್ತದೆ. ಆಗಲೂ ಅದು ಸರಿಯಲ್ಲ. ನಾನು ಆ ಸಂಖ್ಯೆಯನ್ನು ಈಗ ನೋಡುವುದೇ ಇಲ್ಲ. ಪರ್ಸೆಂಟ್ ಮಾತ್ರ ನೋಡುತ್ತೇನೆ, ಅದನ್ನು ಯೂನಿಟ್‌ಗೆ ತಿರುಗಿಸುತ್ತೇನೆ.

ಹೆಜ್ಜೆ 3: ನಿಮ್ಮ ಕಾರಿನ ಮೂಲ ಸಂಖ್ಯೆ ಕಂಡುಹಿಡಿಯಿರಿ

ಒಂದು ಯೂನಿಟ್‌ಗೆ ಎಷ್ಟು ಕಿ.ಮೀ.? ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಒಂದು ಭಾನುವಾರ ಕೊಡಿ.

ಹಿಂದಿನ ರಾತ್ರಿ ಮನೆಯಲ್ಲೇ ನಿಧಾನ ಚಾರ್ಜ್‌ನಲ್ಲಿ 100 ಪರ್ಸೆಂಟ್ ಮಾಡಿ. ಈ ಪುಟ್ಟ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಲ್.ಎಫ್.ಪಿ. (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುತ್ತದೆ. ಅದು ಗಟ್ಟಿ ಬ್ಯಾಟರಿ, ಆದರೆ ಒಂದು ಗುಣ ಇದೆ. ಮಧ್ಯದಲ್ಲಿ ಎಷ್ಟು ಚಾರ್ಜ್ ಇದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಾಗಾಗಿ ತಿಂಗಳುಗಟ್ಟಲೆ 40ರಿಂದ 70ರ ನಡುವೆಯೇ ಓಡಿಸುತ್ತಿದ್ದರೆ ಪರ್ಸೆಂಟ್ ಲೆಕ್ಕ ತಪ್ಪುತ್ತಾ ಹೋಗುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಂದು ಸಲ ಪೂರ್ತಿ ತುಂಬಿಸಿದರೆ ಮತ್ತೆ ಸರಿಹೋಗುತ್ತದೆ.

ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿ. ಎಷ್ಟಿರಬೇಕು ಎಂದು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ದಿನಾ ಹೋಗುವ ರಸ್ತೆಗಳಲ್ಲೇ ಓಡಿಸಿ, ಹೊರಟ ಜಾಗಕ್ಕೇ ವಾಪಸ್ ಬನ್ನಿ. ಇದು ಮುಖ್ಯ. ಹೊರಟಲ್ಲಿಗೇ ಬಂದರೆ ಹತ್ತಿದ್ದೂ ಇಳಿದದ್ದೂ ಸಮ ಆಗುತ್ತದೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗಿ ಅಲ್ಲೇ ಲೆಕ್ಕ ನಿಲ್ಲಿಸಿದರೆ ಕಾರು ನಿಮಗೆ ಸುಳ್ಳು ಹೇಳುತ್ತದೆ, ಯಾಕೆಂದರೆ ಅದು ಇಳಿಜಾರು. ಕನಿಷ್ಠ 30 ಪರ್ಸೆಂಟ್ ಖರ್ಚಾಗುವಷ್ಟು ಓಡಿಸಿ. ಐದಾರು ಪರ್ಸೆಂಟ್‌ನಲ್ಲಿ ಅಳೆದರೆ ಒಂದು ಪರ್ಸೆಂಟ್ ಆಚೀಚೆ ಆದರೂ ಲೆಕ್ಕ ಕೆಡುತ್ತದೆ.

ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: "ಒಣ ರಸ್ತೆ. ಇಬ್ಬರು. ಏ.ಸಿ. ಇಲ್ಲ. ಮಡಿಕೇರಿ, ವಿರಾಜಪೇಟೆ, ವಾಪಸ್. ಒಳದಾರಿ ಸೇರಿ 74 ಕಿ.ಮೀ. 100ರಿಂದ 68." ಅಂದರೆ 32 ಪರ್ಸೆಂಟ್ ಹೋಯಿತು. ನನ್ನ ಕಾರಿನ ಬ್ಯಾಟರಿ 24 ಯೂನಿಟ್‌ನದು, ಅದರಲ್ಲಿ 32 ಪರ್ಸೆಂಟ್ ಅಂದರೆ 7.7 ಯೂನಿಟ್. 74ನ್ನು 7.7ರಿಂದ ಭಾಗಿಸಿದರೆ ಒಂದು ಯೂನಿಟ್‌ಗೆ 9.6 ಕಿ.ಮೀ. ನಮ್ಮ ತಿರುವು ರಸ್ತೆಗಳಲ್ಲಿ 35ರಿಂದ 45ರ ವೇಗದಲ್ಲಿ ಹೋಗುವಾಗ ಈ ಗಾತ್ರದ ಕಾರಿಗೆ ಒಂದು ಯೂನಿಟ್‌ಗೆ 9ರಿಂದ 10 ಕಿ.ಮೀ. ಬಂದರೆ ಸರಿ ಇದೆ ಅಂತಲೇ ತಿಳಿಯಿರಿ. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ 10 ಅಂತ ಇಟ್ಟುಕೊಳ್ಳೋಣ. ನಿಮ್ಮದು 9 ಬಂದರೆ 9 ಹಾಕಿಕೊಳ್ಳಿ.

ಒಂದು ಗೊಂದಲ ಹಲವರಿಗೆ ಇದೆ. ಮನೆಯ ಮೀಟರ್ ನೋಡಿದರೆ 7.7 ಅಲ್ಲ, 8.7ರ ಹತ್ತಿರ ಓಡಿರುತ್ತದೆ. ಚಾರ್ಜ್ ಆಗುವಾಗ ನೂರಕ್ಕೆ ಹತ್ತು ಹದಿನೈದು ಭಾಗ ಬಿಸಿಯಾಗಿ ಹೋಗುತ್ತದೆ. ಖರ್ಚಿನ ಲೆಕ್ಕಕ್ಕೆ ಗೋಡೆಯ ಯೂನಿಟ್, ದೂರದ ಲೆಕ್ಕಕ್ಕೆ ಬ್ಯಾಟರಿಯ ಯೂನಿಟ್. ಎರಡನ್ನೂ ಬೆರೆಸಬೇಡಿ.

ಹೆಜ್ಜೆ 4: ಎತ್ತರವನ್ನು ಕಿಲೋಮೀಟರಿಗೆ ತಿರುಗಿಸಿ

ಕೊಡಗಿನವರಿಗೆ ಬೇಕಾದ ನಿಜವಾದ ಹೆಜ್ಜೆ ಇದು. ಇದನ್ನು ನಿಧಾನವಾಗಿ ಓದಿ.

ಕಾರು ಮತ್ತು ಒಳಗಿನ ಜನ ಸೇರಿ ಸುಮಾರು 1,300 ಕಿಲೋ ಅಂದುಕೊಳ್ಳಿ. ಅಷ್ಟು ಭಾರವನ್ನು ನೇರವಾಗಿ 100 ಮೀಟರ್ ಮೇಲಕ್ಕೆ ಎತ್ತಲು 0.35 ಯೂನಿಟ್ ಬೇಕು. ಇದು ಭೂಮಿ ಎಳೆಯುವ ಲೆಕ್ಕ, ಯಾವ ಕಂಪನಿಯ ಕಾರಾದರೂ ತಪ್ಪಿಸಿಕೊಳ್ಳುವಂತಿಲ್ಲ. ಮೋಟಾರು, ಗೇರುಗಳಲ್ಲಿ ಹೋಗುವ ನಷ್ಟ ಸೇರಿಸಿದರೆ 0.4 ಯೂನಿಟ್. ಒಂದು ಯೂನಿಟ್‌ಗೆ 10 ಕಿ.ಮೀ. ಓಡುವ ಕಾರಿಗೆ 0.4 ಯೂನಿಟ್ ಅಂದರೆ 4 ಕಿ.ಮೀ.

ಇಳಿಯುವಾಗ ಏನಾಗುತ್ತದೆ? ಮೋಟಾರೇ ಡೈನಮೊ ಆಗಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಇದನ್ನೇ ರೀಜನ್ ಅನ್ನುವುದು. ಆದರೆ ಕೊಟ್ಟಿದ್ದೆಲ್ಲ ವಾಪಸ್ ಬರುವುದಿಲ್ಲ. ತಿರುವಿನಲ್ಲಿ ಬ್ರೇಕ್ ಹಿಡಿಯುತ್ತೇವೆ, ಎದುರು ಬಸ್ ಬಂದರೆ ನಿಲ್ಲಿಸುತ್ತೇವೆ. ಅರ್ಧ ಬರುತ್ತದೆ ಅಂತ ಇಟ್ಟುಕೊಂಡರೆ ಮೋಸ ಹೋಗುವುದಿಲ್ಲ.

ಹಾಗಾದರೆ ನೆನಪಿಡಬೇಕಾದದ್ದು ಇಷ್ಟೇ: 100 ಮೀಟರ್ ಹತ್ತಿದರೆ 4 ಕಿ.ಮೀ. ಕೂಡಿಸಿ. 100 ಮೀಟರ್ ಇಳಿದರೆ 2 ಕಿ.ಮೀ. ಕಳೆಯಿರಿ. ಬಂದ ಉತ್ತರವನ್ನು 10ರಿಂದ ಭಾಗಿಸಿದರೆ ಯೂನಿಟ್.

ಸಂಪಾಜೆಯಿಂದ ಮಡಿಕೇರಿಗೆ ಹಾಕಿ ನೋಡೋಣ. ದೂರ ಸುಮಾರು 27 ಕಿ.ಮೀ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರ್‌ಗಿಂತ ಮೇಲಿದೆ, ಸಂಪಾಜೆ ಘಾಟಿಯ ಬುಡದಲ್ಲಿದೆ. ಏರು ಸುಮಾರು 1,000 ಮೀಟರ್. ಹತ್ತು ನೂರಕ್ಕೆ 40 ಕಿ.ಮೀ. ಕೂಡಿಸಿದರೆ 67. ಅಂದರೆ 6.7 ಯೂನಿಟ್. 24 ಯೂನಿಟ್ ಕಾರಿಗೆ ಅದು 28 ಪರ್ಸೆಂಟ್. 19.2 ಯೂನಿಟ್ ಕಾರಿಗೆ 35 ಪರ್ಸೆಂಟ್. ಕಾಮೆಟ್‌ನಂಥ ಹಗುರ ಕಾರಿಗೆ ಹತ್ತುವ ಖರ್ಚು ಇದಕ್ಕಿಂತ ಕಡಿಮೆ, ಆದರೆ ಅದರ ಬ್ಯಾಟರಿಯೂ ಸಣ್ಣದು. ಅಮ್ಮನನ್ನು ಕೂರಿಸಿಕೊಂಡು ಬಂದ ಆ ಸಂಜೆ ಈ ಲೆಕ್ಕ ಗೊತ್ತಿದ್ದರೆ ಸುಳ್ಯದಲ್ಲೇ ಯಾರದ್ದಾದರೂ ಮನೆಯಲ್ಲಿ ಎರಡು ಗಂಟೆ ಪ್ಲಗ್ ಹಾಕಿ ಕೂರುತ್ತಿದ್ದೆ.

ಅದೇ ರಸ್ತೆಯಲ್ಲಿ ಇಳಿಯುವಾಗ 27ರಿಂದ 20 ಕಳೆದರೆ 7 ಕಿ.ಮೀ., ಅಂದರೆ ಒಂದು ಯೂನಿಟ್‌ಗೂ ಕಡಿಮೆ. ಒಣ ರಸ್ತೆಯಲ್ಲಿ ನಿಧಾನವಾಗಿ ಇಳಿದರೆ ಸಂಪಾಜೆ ತಲುಪುವಾಗ ಮಡಿಕೇರಿಯಲ್ಲಿ ಇದ್ದದ್ದಕ್ಕಿಂತ ನಾಲ್ಕೈದು ಪರ್ಸೆಂಟ್ ಜಾಸ್ತಿಯೇ ಇರುವುದುಂಟು. ಅದು ಬಂದರೆ ಲಾಭ ಅಂತ ಇಟ್ಟುಕೊಳ್ಳಿ, ಲೆಕ್ಕದಲ್ಲಿ ಸೇರಿಸಬೇಡಿ.

ಇನ್ನೊಂದು ಉದಾಹರಣೆ. ಭಾಗಮಂಡಲದಿಂದ ತಲಕಾವೇರಿ ಬರೀ 8 ಕಿ.ಮೀ. ತಲಕಾವೇರಿಯ ಎತ್ತರ 1,276 ಮೀಟರ್. ಆ ಎಂಟು ಕಿ.ಮೀ.ನಲ್ಲಿ 400 ಮೀಟರ್ ಹತ್ತಿರ ಏರಬೇಕು. 8ಕ್ಕೆ 16 ಕೂಡಿಸಿದರೆ 24 ಕಿ.ಮೀ. ಮೂರು ಪಟ್ಟು! ವಾಪಸ್ ಬರುವಾಗ 8ರಿಂದ 8 ಕಳೆದರೆ ಸೊನ್ನೆ. ಮಡಿಕೇರಿಯಿಂದ ಹೊರಟು ತಲಕಾವೇರಿ ನೋಡಿ ಬಂದರೆ ಓಡುವುದು ಸುಮಾರು 95 ಕಿ.ಮೀ. ಮಡಿಕೇರಿ, ಭಾಗಮಂಡಲ ನಡುವಿನ ಏರಿಳಿತವನ್ನೂ ಸೇರಿಸಿದರೆ 107ರ ಲೆಕ್ಕ ಬರುತ್ತದೆ. ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ 118 ಅಂತ ಹಿಡಿಯಿರಿ. ಸುಮಾರು 12 ಯೂನಿಟ್, 24 ಯೂನಿಟ್ ಬ್ಯಾಟರಿಯಲ್ಲಿ ಅರ್ಧ.

ಆ ಹತ್ತು ಪರ್ಸೆಂಟ್ ಯಾಕೆ? ನಮ್ಮ ರಸ್ತೆಗಳು ಒಂದೇ ಸಮನೆ ಹತ್ತುವುದಿಲ್ಲ, ಒಂದೇ ಸಮನೆ ಇಳಿಯುವುದೂ ಇಲ್ಲ. ಒಂದು ಗುಡ್ಡ ಹತ್ತಿ, ಗದ್ದೆಗೆ ಇಳಿದು, ಮತ್ತೆ ಇನ್ನೊಂದು ಗುಡ್ಡ. ಎರಡು ಊರುಗಳ ಎತ್ತರ ಒಂದೇ ಇದ್ದರೂ ನಡುವೆ ಹತ್ತು ಸಲ ಹತ್ತಿ ಇಳಿದಿರುತ್ತೇವೆ. ಮಡಿಕೇರಿ ವಿರಾಜಪೇಟೆ ರಸ್ತೆ ಹೀಗೆಯೇ. ಸೋಮವಾರಪೇಟೆ ಕಡೆಯೂ ಹೀಗೆಯೇ. ಸಂಪಾಜೆಯಂಥ ಒಂದೇ ಏರಿನ ಘಾಟಿಗೆ ಇದು ಬೇಡ.

ಎತ್ತರ ತಿಳಿಯಲು ಫೋನಿನಲ್ಲಿ ಎತ್ತರ ತೋರಿಸುವ ಯಾವುದಾದರೂ ಜಿ.ಪಿ.ಎಸ್. ಆ್ಯಪ್ ಸಾಕು. ನೀವು ಮಾಮೂಲಿಯಾಗಿ ಹೋಗುವ ಐದಾರು ಜಾಗಗಳಲ್ಲಿ ಕಾರು ನಿಲ್ಲಿಸಿ ಒಂದು ಸಲ ಬರೆದುಕೊಳ್ಳಿ. ಊರು ಎತ್ತರ ಬದಲಿಸುವುದಿಲ್ಲ, ಆ ಪಟ್ಟಿ ಕಾಯಂ ಆಗಿ ಬರುತ್ತದೆ.

ಕಾಫಿ ಕೊಯ್ಲಿನ ಕಾಲದಲ್ಲಿ ಹಿಂದಿನ ಸೀಟು ಮಡಚಿ 50 ಕಿಲೋದ ಎರಡು ಮೂಟೆ ಹಾಕಿಕೊಂಡು ಹೋಗುವವರು ಇದ್ದಾರೆ. 100 ಕಿಲೋ ಸೇರಿದರೆ ಹತ್ತುವ ಖರ್ಚು ನೂರಕ್ಕೆ ಏಳೆಂಟು ಏರುತ್ತದೆ, ಅಷ್ಟೇ. ನಾಲ್ಕು ಜನ ಪೂರ್ತಿ ಕೂತರೂ ಹೆಚ್ಚುಕಡಿಮೆ ಇದೇ ಲೆಕ್ಕ. ಜನರು ಭಾರಕ್ಕೆ ಹೆದರುವಷ್ಟು ಹೆದರಬೇಕಿಲ್ಲ.

ಹೆಜ್ಜೆ 5: ಮಳೆಗಾಲಕ್ಕೆ ಬೇರೆ ಲೆಕ್ಕ

ಒದ್ದೆ ರಸ್ತೆಯಲ್ಲಿ ಟೈರು ನೀರನ್ನು ತಳ್ಳಿಕೊಂಡು ಹೋಗಬೇಕು. ಲೈಟು, ವೈಪರ್ ಓಡುತ್ತಲೇ ಇರುತ್ತವೆ, ಆದರೆ ಅವು ತಿನ್ನುವುದು ತುಂಬ ಕಡಿಮೆ. ನಿಜವಾಗಿ ತಿನ್ನುವುದು ಏ.ಸಿ. ಮಡಿಕೇರಿಯಲ್ಲಿ ಸೆಕೆಗೆ ಏ.ಸಿ. ಹಾಕುವವರು ಯಾರು ಹೇಳಿ? ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜಿನ ಮೇಲಿನ ಮಂಜು ಹೋಗಿಸಲು ಅದು ಬೇಕೇ ಬೇಕು.

ಏ.ಸಿ. ಕಿಲೋಮೀಟರ್ ಲೆಕ್ಕದಲ್ಲಿ ತಿನ್ನುವುದಿಲ್ಲ, ಗಂಟೆ ಲೆಕ್ಕದಲ್ಲಿ ತಿನ್ನುತ್ತದೆ. ಗಂಟೆಗೆ ಅರ್ಧದಿಂದ ಒಂದು ಯೂನಿಟ್ ಅಂತ ಹಿಡಿಯಿರಿ. ಮೈಸೂರು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಮಂಜಿನಲ್ಲಿ ಗಂಟೆಗೆ 20ರಂತೆ ಹೋಗುವಾಗ ಅದೇ ದೂರಕ್ಕೆ ಮೂರು ಪಟ್ಟು ಹೊತ್ತು, ಮೂರು ಪಟ್ಟು ಏ.ಸಿ. ಖರ್ಚು. ಹಾಗಂತ ನಾನು ಮಾಡಿದಂತೆ ಆಫ್ ಮಾಡಬೇಡಿ. ಘಾಟಿಯಲ್ಲಿ ಮುಂದಿನ ರಸ್ತೆ ಕಾಣದೆ ಓಡಿಸುವುದು ಬ್ಯಾಟರಿ ಖಾಲಿಯಾಗುವುದಕ್ಕಿಂತ ದೊಡ್ಡ ಅಪಾಯ. ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಫ್ಯಾನ್ ಕಡಿಮೆ ಇಡಿ, ಹೊರಗಿನ ಗಾಳಿ ಒಳಗೆ ಬರುವಂತೆ ಇಡಿ. ಒದ್ದೆ ಕೊಡೆ, ಒದ್ದೆ ಮ್ಯಾಟ್ ಕಾರಿನಲ್ಲಿ ಇದ್ದರೆ ಗಾಜು ಇನ್ನೂ ಬೇಗ ಮಂಜಾಗುತ್ತದೆ. ಕೊಡೆಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿ. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿ ವ್ಯತ್ಯಾಸ ಆಗುತ್ತದೆ.

ಒಟ್ಟಾರೆ ಜೋರು ಮಳೆಯ ದಿನ ಒಣ ಲೆಕ್ಕದ ಮೇಲೆ 15 ಪರ್ಸೆಂಟ್ ಸೇರಿಸಿ. ಕೆಸರಾದ ತೋಟದ ದಾರಿ ಒಂದೆರಡು ಕಿ.ಮೀ. ಇದ್ದರೆ ಆ ದೂರವನ್ನು ಎರಡು ಪಟ್ಟು ಮಾಡಿ ಹಾಕಿ.

ಚಳಿಗಾಲ ನಮಗೆ ದೊಡ್ಡ ವಿಷಯ ಅಲ್ಲ. ಬೆಳಿಗ್ಗೆ ಹೀಟರ್ ಹಾಕಿದರೆ ಏ.ಸಿ.ಗಿಂತ ಜಾಸ್ತಿ ತಿನ್ನುತ್ತದೆ. ಸ್ವೆಟರ್ ಹಾಕಿಕೊಳ್ಳಿ, ಸಾಕು.

ಹೆಜ್ಜೆ 6: ಘಾಟಿ ಇಳಿಯುವ ಮುನ್ನ 100 ಪರ್ಸೆಂಟ್ ತುಂಬಿಸಬೇಡಿ

ಇದನ್ನು ಬಯಲುಸೀಮೆಯ ಯಾರೂ ನಿಮಗೆ ಹೇಳುವುದಿಲ್ಲ, ಅವರಿಗೆ ಬೇಕಾಗುವುದೂ ಇಲ್ಲ. ಮಡಿಕೇರಿಯಲ್ಲಿ ಪೂರ್ತಿ ತುಂಬಿಸಿ ನೇರವಾಗಿ ಸಂಪಾಜೆ ಕಡೆ ಇಳಿಯಲು ಹೊರಟರೆ ರೀಜನ್‌ನಿಂದ ಬಂದ ಕರೆಂಟ್ ಎಲ್ಲಿ ಹೋಗಬೇಕು? ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸುವುದಿಲ್ಲ. ಕಾರು ರೀಜನ್ ಕಡಿಮೆ ಮಾಡುತ್ತದೆ. ದಿನಾ ಪೆಡಲ್ ಬಿಟ್ಟಕೂಡಲೇ ನಿಧಾನವಾಗುತ್ತಿದ್ದ ಕಾರು ಅವತ್ತು ಜಾರಿಕೊಂಡು ಹೋದಂತೆ ಅನಿಸುತ್ತದೆ. ಎಲ್ಲ ಕೆಲಸ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ, ಅವು ಕಾಯುತ್ತವೆ. ಸಂಪಾಜೆ ಘಾಟಿಯಿರಲಿ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವುದಿರಲಿ, 90 ಪರ್ಸೆಂಟ್‌ಗೆ ಚಾರ್ಜರ್ ತೆಗೆದುಬಿಡಿ. ಕೆಳಗೆ ಹೋಗಿ ಸೇರುವಾಗ ಹೇಗೂ ಅಷ್ಟೇ ಇರುತ್ತದೆ.

ಇಳಿಯುವಾಗ ರೀಜನ್ ಜೋರಾಗಿ ಇಡಿ. ಟಿಯಾಗೊದಲ್ಲಿ 0ಯಿಂದ 3ರವರೆಗೆ ಆಯ್ಕೆ ಇದೆ, ಘಾಟಿಗೆ 2 ಅಥವಾ 3. ಸಮತಟ್ಟಿನಲ್ಲಿ ಕಡಿಮೆ ಇಟ್ಟು ಕಾರನ್ನು ತನ್ನ ಪಾಡಿಗೆ ಉರುಳಲು ಬಿಡುವುದೇ ಒಳ್ಳೆಯದು. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವುದಕ್ಕಿಂತ ಇರುವ ವೇಗವನ್ನೇ ಬಳಸಿಕೊಳ್ಳುವುದು ಯಾವಾಗಲೂ ಲಾಭ. ನ್ಯೂಟ್ರಲ್‌ನಲ್ಲಿ ಮಾತ್ರ ಯಾವತ್ತೂ ಇಳಿಯಬೇಡಿ. ಕರೆಂಟೂ ಬರುವುದಿಲ್ಲ, ಹಿಡಿತವೂ ಇರುವುದಿಲ್ಲ.

ಹತ್ತುವಾಗ? ಒಂದೇ ಸಮನೆ, 30ರಿಂದ 40ರಲ್ಲಿ. ಎತ್ತರದ ಖರ್ಚು ನಿಧಾನ ಹೋದರೂ ಅಷ್ಟೇ, ಜೋರು ಹೋದರೂ ಅಷ್ಟೇ. ಆದರೆ ಪ್ರತಿ ಹೇರ್‌ಪಿನ್‌ನಲ್ಲಿ ಬ್ರೇಕ್ ಹಿಡಿದು ಮತ್ತೆ ಪೆಡಲ್ ಒತ್ತುವುದು ಸುಮ್ನೆ ನಷ್ಟ.

ಹೆಜ್ಜೆ 7: ಮನೆಯ ಪ್ಲಗ್ ಸರಿ ಮಾಡಿಕೊಳ್ಳಿ

ರೇಂಜ್, ಅಂದರೆ ಒಂದು ಚಾರ್ಜ್‌ನಲ್ಲಿ ಓಡುವ ದೂರದ ಬಗ್ಗೆ ಬರೆಯುತ್ತಾ ಪ್ಲಗ್ ಯಾಕೆ ಅನ್ನಬೇಡಿ. ಬೆಳಿಗ್ಗೆ ಎಷ್ಟು ತುಂಬಿರುತ್ತದೆ ಎನ್ನುವುದರ ಮೇಲೆ ಆ ದಿನದ ಓಡಾಟ ನಿಂತಿದೆ. 15 ಆಂಪಿಯರ್ ಪಾಯಿಂಟ್‌ನಲ್ಲಿ 24 ಯೂನಿಟ್ ಬ್ಯಾಟರಿ 10ರಿಂದ 100 ಆಗಲು ಒಂಬತ್ತು ಗಂಟೆ ಹತ್ತಿರ ಬೇಕು. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ ಸಿಗುತ್ತದೆ. ಕರೆಂಟ್ ಇದ್ದರೆ!

ತೋಟದ ಮನೆಗಳು ಸಾಮಾನ್ಯವಾಗಿ ಲೈನಿನ ಕೊನೆಯಲ್ಲಿ ಇರುತ್ತವೆ. ಸಂಜೆ ವೋಲ್ಟೇಜ್ ಕಡಿಮೆ. ಹೆಚ್ಚಿನ ಮನೆಯವರು ಪಂಪ್ ಓಡಿಸುವ ಹೊತ್ತು ಬಿಟ್ಟು ರಾತ್ರಿ ಹನ್ನೊಂದರ ಮೇಲೆ ಹಾಕಿದರೆ ಚಾರ್ಜ್ ನಿಲ್ಲದೆ ಆಗುತ್ತದೆ.

ಅರ್ಥಿಂಗ್ ವಿಷಯದಲ್ಲಿ ಚಾರ್ಜರ್ ತುಂಬ ಕಟ್ಟುನಿಟ್ಟು. ನಮ್ಮ ಮನೆಯಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ರಾತ್ರಿ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ ಬಂದು ನಿಂತುಬಿಟ್ಟಿತು. ಪ್ಲಗ್ ಬದಲಿಸಿದೆ, ಆಗಲಿಲ್ಲ. ಕಾರೇ ಕೆಟ್ಟಿತೇನೋ ಎಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಂದ ಎಲೆಕ್ಟ್ರಿಷಿಯನ್ ಕಾರಿನ ಕಡೆ ನೋಡಲೇ ಇಲ್ಲ. ನೇರ ಮನೆಯ ಹಿಂದೆ ಹೋಗಿ ಅರ್ಥ್ ಗುಂಡಿಯ ಮುಚ್ಚಳ ತೆಗೆದರು. ಒಳಗಿನ ಮಣ್ಣು ಬಿರುಕು ಬಿಟ್ಟಿತ್ತು. ಎರಡು ಬಕೆಟ್ ನೀರು ಹೊಯ್ದರು, ಮಣ್ಣು ಗುಳುಗುಳು ಅಂತ ಕುಡಿಯಿತು. "ಈಗ ಹಾಕಿ ಅಣ್ಣ" ಅಂದರು. ಹಸಿರು ದೀಪ ಬಂತು. ಆಮೇಲೆ ಇದ್ದಿಲು, ಉಪ್ಪು ತುಂಬಿಸಿ ಗುಂಡಿ ಸರಿ ಮಾಡಿಸಿದೆವು. ಫೆಬ್ರುವರಿಯಿಂದ ಮೇ ತನಕ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕುತ್ತೇನೆ.

ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಒಂಬತ್ತು ಗಂಟೆ ಒಂದೇ ಸಮನೆ ಅಷ್ಟು ಕರೆಂಟ್ ಎಳೆದರೆ ಸಣ್ಣ ವೈರು ಕರಗುತ್ತದೆ. ದಪ್ಪ ವೈರಿನಲ್ಲಿ ಬೇರೆಯೇ ಲೈನ್, ಅದಕ್ಕೇ ಒಂದು ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಮನೆಯ ಇನ್ವರ್ಟರ್‌ನಿಂದ ಕಾರು ಚಾರ್ಜ್ ಆಗುವುದಿಲ್ಲ, ಅದಕ್ಕೆ ಅಷ್ಟು ಶಕ್ತಿ ಇಲ್ಲ. ಸಣ್ಣ ಜನರೇಟರ್‌ಗೆ ಸರಿಯಾದ ಅರ್ಥ್ ಇಲ್ಲದಿದ್ದರೆ ಚಾರ್ಜರ್ ಒಪ್ಪುವುದಿಲ್ಲ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ನಿಯಮ ಒಂದೇ: ಸಂಜೆ ಬಂದಕೂಡಲೇ ಪ್ಲಗ್. "70 ಇದೆ, ನಾಳೆ ಹಾಕೋಣ" ಅನ್ನುವ ಮಾತೇ ಇಲ್ಲ. ನಾಳೆ ಕರೆಂಟ್ ಇರುತ್ತದೆ ಅಂತ ಯಾರು ಕಂಡವರು?

ಹೆಜ್ಜೆ 8: ದೂರದ ಪ್ರಯಾಣಕ್ಕೆ ಹೊರಡುವ ಮುನ್ನ

ಮೈಸೂರಿಗೆ ಹೋಗುವ ಲೆಕ್ಕ ಬೇರೆ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಎತ್ತರ 300, 400 ಮೀಟರ್ ಇಳಿಯುತ್ತೇವೆ. ಕುಶಾಲನಗರ ದಾಟಿದ ಮೇಲೆ ರಸ್ತೆ ನೇರ, ಕಾಲು ತಾನಾಗಿ ಒತ್ತುತ್ತದೆ. ಇಲ್ಲಿ ಬ್ಯಾಟರಿ ತಿನ್ನುವುದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿ ಒಡ್ಡುವ ತಡೆ ನಾಲ್ಕು ಪಟ್ಟು. 70, 80ರಲ್ಲಿ ಹೋದರೆ ಒಂದು ಯೂನಿಟ್‌ಗೆ 10 ಅಲ್ಲ, 8 ಕಿ.ಮೀ. ಅಂತ ಹಿಡಿಯಿರಿ. ಹೋಗಲು 14 ಯೂನಿಟ್, ಬರಲು 16. ಎರಡೂ ಸೇರಿ 30. ಇಲ್ಲಿ ಹೇಳಿದ ಯಾವ ಪುಟ್ಟ ಕಾರಿನಲ್ಲೂ ಒಂದೇ ಚಾರ್ಜ್‌ನಲ್ಲಿ ಹೋಗಿ ಬರಲು ಆಗುವುದಿಲ್ಲ. ಮೈಸೂರಿನಲ್ಲಿ ಕೆಲಸ ಮುಗಿಸುವಷ್ಟರಲ್ಲಿ ಚಾರ್ಜ್ ಹಾಕುವ ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಫಾಸ್ಟ್ ಚಾರ್ಜ್ ಒಪ್ಪುವ ಕಾರಿಗೆ 10ರಿಂದ 80 ಆಗಲು ಒಂದು ಗಂಟೆ ಸಾಕು. ಕಾಮೆಟ್‌ಗೆ ಡಿ.ಸಿ. ಫಾಸ್ಟ್ ಚಾರ್ಜ್ ಸೌಲಭ್ಯ ಇಲ್ಲ. ತಿಂಗಳಿಗೆ ಎರಡು ಸಲ ಮೈಸೂರಿಗೆ ಹೋಗುವವರು ಕಾರು ಕೊಳ್ಳುವ ಮುನ್ನ ಇದನ್ನು ಯೋಚಿಸಲೇಬೇಕು. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ ಒಳಗೇ ಓಡಾಡುವವರಿಗೆ ಸಣ್ಣ ಬ್ಯಾಟರಿಯೇ ಧಾರಾಳ. ಅಂಥವರು ಸುಮ್ನೆ ದೊಡ್ಡದಕ್ಕೆ ದುಡ್ಡು ಹಾಕಬೇಡಿ ಅಂತಲೇ ನನ್ನ ಅಭಿಪ್ರಾಯ.

ಹೊರಡುವ ಮುನ್ನ ಕಾಗದದ ಮೇಲೆ ಬರೆಯಿರಿ: ದೂರ, ಏರಿಗೆ ಕೂಡಿಸಿದ್ದು, ಇಳಿಜಾರಿಗೆ ಕಳೆದದ್ದು, ಮಳೆಗೆ ಸೇರಿಸಿದ್ದು. ಬಂದ ಯೂನಿಟ್ ನಿಮ್ಮ ಬ್ಯಾಟರಿಯ 80 ಪರ್ಸೆಂಟ್ ಒಳಗಿದ್ದರೆ ಹೊರಡಿ. ಉಳಿದ 20 ಯಾಕೆ ಅಂದರೆ, ರಸ್ತೆ ಮೇಲೆ ಮಣ್ಣು ಕುಸಿದರೆ ಸುತ್ತು ಹಾಕಬೇಕಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪರಿಚಿತ ಜಾಗದ ಚಾರ್ಜರ್ ನಂಬಿ ಹೋಗುವುದಾದರೆ ಹೊರಡುವ ಬೆಳಿಗ್ಗೆ ಅಲ್ಲಿಗೆ ಫೋನ್ ಮಾಡಿ "ಮಿಷನ್ ಓಡ್ತಾ ಇದೆಯಾ?" ಅಂತ ಕೇಳಿ. ಆ್ಯಪ್‌ನಲ್ಲಿ ಹಸಿರು ತೋರಿಸಿದರೆ ಸಾಲದು. ಹತ್ತಿರದಲ್ಲೇ ಇನ್ನೊಂದು ಜಾಗವನ್ನೂ ಗುರುತು ಹಾಕಿಕೊಳ್ಳಿ.

ಇಷ್ಟಾಗಿಯೂ ಘಾಟಿ ನಡುವೆ ಪರ್ಸೆಂಟ್ ಸಾಲದು ಅನಿಸಿದರೆ ಮುಂದೆ ಹೋಗಿ ನೋಡೋಣ ಅನ್ನಬೇಡಿ. ಇನ್ನೂ ಹತ್ತು ಪರ್ಸೆಂಟ್ ಇರುವಾಗಲೇ ತಿರುಗಿ ಇಳಿಯಿರಿ. ಇಳಿಯಲು ಬ್ಯಾಟರಿ ಖರ್ಚಾಗುವುದಿಲ್ಲ, ಬದಲಿಗೆ ಸ್ವಲ್ಪ ತುಂಬುತ್ತದೆ. ಕೆಳಗಿನ ಅಂಗಡಿಯವರ 15 ಆಂಪಿಯರ್ ಪಾಯಿಂಟ್‌ನಲ್ಲಿ ಒಂದು ಗಂಟೆ ಹಾಕಿದರೆ ಎರಡೂವರೆ ಯೂನಿಟ್ ಸಿಗುತ್ತದೆ, ಅಂದರೆ 24ರ ಬ್ಯಾಟರಿಗೆ ಹತ್ತು ಪರ್ಸೆಂಟ್. ಕೇಳಿದರೆ ನಮ್ಮ ಕಡೆಯ ಜನ ಇಲ್ಲ ಅನ್ನುವುದಿಲ್ಲ. ಯೂನಿಟ್‌ನ ದುಡ್ಡು ಕೊಡಿ, ಕಾಫಿ ಕುಡಿದು ಕೂರಿ.

ಪೂರ್ತಿ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಮೋಟಾರು ಚಕ್ರಕ್ಕೆ ಸೇರಿಕೊಂಡೇ ಇರುತ್ತದೆ, ಎಳೆದರೆ ಹಾಳಾಗಬಹುದು. ಕಾರನ್ನು ಪೂರ್ತಿ ಮೇಲೆ ಹೊತ್ತು ಒಯ್ಯುವ ಗಾಡಿಯೇ ಬೇಕು. ಅವರ ನಂಬರನ್ನು ಫೋನಿನಲ್ಲಿ ಇಟ್ಟರೆ ಸಾಲದು, ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಡಿ. ಘಾಟಿಯಲ್ಲಿ ಸಿಗ್ನಲ್ ಸಿಗದಿದ್ದರೆ ಆ ಚೀಟಿಯನ್ನು ಮಡಿಕೇರಿ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡಬಹುದು.